ಗೆದ್ದ ಮೇಲೂ ರೋಮನ್ನರು ಗ್ರೀಸ್ ಬಿಟ್ಟು ವಾಪಸ್ ಹೋಗಿದ್ದು ಯಾಕೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ದಿನದಿಂದ ರೋಮ್ ಬಗ್ಗೆ ಓದುತ್ತಿದ್ದೇನೆ, ಚಕ್ರವರ್ತಿಗಳು ಬರೋದಕ್ಕಿಂತ ಮುಂಚಿನ ಕಾಲದ್ದು. ಒಂದು ವಿಷಯ ಮಾತ್ರ ತಲೆಗೆ ಹತ್ತುತ್ತಿಲ್ಲ.

ಕ್ರಿ.ಪೂ. 197ರಲ್ಲಿ ಕೈನೊಸ್ಕೆಫಲೆ ಎಂಬಲ್ಲಿ ಮ್ಯಾಸಿಡೋನಿಯಾದ ಐದನೇ ಫಿಲಿಪ್‌ನನ್ನು ರೋಮನ್ನರು ಚೆನ್ನಾಗಿ ಬಡಿದರು. ಇಡೀ ಗ್ರೀಸ್ ಅವರ ಕೈಯಲ್ಲಿತ್ತು. ಆದರೆ ಮರುವರ್ಷ ಕೊರಿಂತ್ ಹತ್ತಿರದ ಇಸ್ತ್‌ಮಿಯನ್ ಕ್ರೀಡಾಕೂಟದಲ್ಲಿ ಸೇನಾಪತಿ ಫ್ಲಾಮಿನಿನಸ್ ಡಂಗುರ ಹೊಡೆಸಿದ: ಇನ್ನು ಮೇಲೆ ನೀವು ಸ್ವತಂತ್ರರು, ಕಪ್ಪ ಕೊಡಬೇಕಿಲ್ಲ, ಕಾವಲು ಪಡೆ ಇರೋದಿಲ್ಲ, ನಿಮ್ಮ ಕಾನೂನು ನಿಮಗೆ. ಜನಕ್ಕೆ ನಂಬಿಕೆಯೇ ಬರಲಿಲ್ಲವಂತೆ, ಇನ್ನೊಂದು ಸಲ ಕೂಗಿ ಹೇಳಿ ಎಂದರಂತೆ. ಆಮೇಲೆ ಎದ್ದ ಕೂಗಿಗೆ ಮೇಲೆ ಹಾರುತ್ತಿದ್ದ ಕಾಗೆಗಳು ಕೆಳಗೆ ಬಿದ್ದವು ಅಂತ ಪ್ಲುಟಾರ್ಕ್ ಬರೆದಿದ್ದಾನೆ (ಅದನ್ನು ನಂಬೋದು ಬಿಡೋದು ನಿಮಗೆ ಬಿಟ್ಟದ್ದು). 194ರಲ್ಲಿ ಸೈನ್ಯ ನಿಜವಾಗಿಯೂ ಹಡಗು ಹತ್ತಿ ಹೊರಟು ಹೋಯಿತು.

ಅದೇ ರೋಮನ್ನರು 146ರಲ್ಲಿ ಬಂದು ಕೊರಿಂತ್ ಸುಟ್ಟು ಹಾಕಿದರು. 50 ವರ್ಷದಲ್ಲಿ ಇಷ್ಟು ಬದಲಾವಣೆ ಹೇಗೆ? ಮೊದಲನೆಯದು ನಾಟಕವಾ, ಅಥವಾ ಆಮೇಲೆ ಬುದ್ಧಿ ಕೆಟ್ಟಿತಾ?

ಹಳೇನಾಣ್ಯ

ಎರಡೂ ಅಲ್ಲ. ಮೊದಲಿಂದಲೂ ಅವರ ಪದ್ಧತಿಯೇ ಹಾಗಿತ್ತು. ನೆಲ ಬೇಡ, ಮಾತು ಕೇಳಬೇಕು, ಅಷ್ಟೇ.

ನೆಲ ಹಿಡಿದರೆ ಅಧಿಕಾರಿ ಕಳಿಸಬೇಕು, ಪಡೆ ಇಡಬೇಕು. ಆಗ ರೋಮ್ ಹತ್ತಿರ ಆಡಳಿತ ಯಂತ್ರ ಅಂತ ಏನೂ ಇರಲಿಲ್ಲ. ವರ್ಷಕ್ಕೆ ಇಬ್ಬರು ಕಾನ್ಸಲ್‌ಗಳು (ಎಲ್ಲರಿಗಿಂತ ಮೇಲಿನ ಅಧಿಕಾರಿಗಳು), ಅವರ ಕೆಳಗೆ ಬೆರಳೆಣಿಕೆಯ ಪ್ರೇಟರ್‌ಗಳು. ಸಿಸಿಲಿ ಕೈಗೆ ಬಂದದ್ದು 241ರಲ್ಲಿ, ಸಾರ್ಡಿನಿಯಾವನ್ನು ಕಿತ್ತುಕೊಂಡದ್ದು ಮೂರ್ನಾಲ್ಕು ವರ್ಷ ಬಿಟ್ಟು. ಅವುಗಳನ್ನು ನೋಡಿಕೊಳ್ಳಲು ಹೆಚ್ಚಿನ ಇಬ್ಬರು ಪ್ರೇಟರ್‌ಗಳನ್ನು ಆರಿಸಿದ್ದು 227ರಲ್ಲಿ. ಅಲ್ಲಿಯವರೆಗೆ ಏನೋ ಒಂದು ಹೇಗೋ ನಡೆಯುತ್ತಿತ್ತು.

ಗ್ರೀಸ್ ಕಡೆಗಂತೂ 229ರಿಂದಲೇ ಈ ಆಟ ಶುರು. ಇಟಲಿಯ ಎದುರು ದಡದ ಇಲಿರಿಯಾದ ರಾಣಿ ಟ್ಯೂಟಾಳ ಹಡಗುಗಳು ಇಟಲಿಯ ವ್ಯಾಪಾರಿಗಳನ್ನು ದೋಚುತ್ತಿದ್ದವು. ದೂರು ಹೇಳಲು ಹೋದ ರೋಮನ್ ರಾಯಭಾರಿಯ ಕೊಲೆಯಾಯಿತು. ರೋಮ್ ಹಡಗು ಪಡೆ ಕಳಿಸಿ ಗೆದ್ದಿತು. ಗೆದ್ದ ಮೇಲೆ ಮಾಡಿದ್ದು ನೋಡಿ: ಕರಾವಳಿಯ ಒಂದಷ್ಟು ಊರುಗಳನ್ನು ಸ್ನೇಹಿತರು ಎಂದು ಕರೆದು, ಸೈನ್ಯ ವಾಪಸ್ ಕರೆಸಿಕೊಂಡು, ಗ್ರೀಸ್‌ನ ಏಟೋಲಿಯಾ, ಅಕಾಯಿಯಾ, ಕೊರಿಂತ್, ಅಥೆನ್ಸ್‌ಗೆಲ್ಲ ರಾಯಭಾರಿಗಳನ್ನು ಕಳಿಸಿ ನಾವು ಯಾಕೆ ಬಂದೆವು ಅಂತ ವಿವರಿಸಿದರು. ಕೊರಿಂತ್‌ನವರು ಖುಷಿಯಾಗಿ ರೋಮನ್ನರಿಗೂ ಅದೇ ಇಸ್ತ್‌ಮಿಯನ್ ಆಟಕ್ಕೆ ಪ್ರವೇಶ ಕೊಟ್ಟರು.

ಆ ಸ್ನೇಹ ಇದೆಯಲ್ಲ, ಅದರಲ್ಲಿ ಬರಹದ ಷರತ್ತು ಏನೂ ಇಲ್ಲ. ಯಾವಾಗ ಸಹಾಯ ಮಾಡಬೇಕು, ಎಷ್ಟು ಮಾಡಬೇಕು, ಯಾವುದೂ ಇಲ್ಲ. ಅದೇ ಅದರ ಬಲ. ಬೇಕಾದಾಗ ಸ್ನೇಹಿತನ ಮೇಲೆ ಕೈ ಹಾಕಿದರು ಅಂತ ಯುದ್ಧಕ್ಕೆ ಇಳಿಯಬಹುದು, ಬೇಡವಾದಾಗ ಸುಮ್ಮನೆ ಕೂರಬಹುದು.

ಸಿಡುಕಪ್ಪ

ಸ್ನೇಹ, ರಾಯಭಾರ ಎಲ್ಲ ಪುಸ್ತಕದಲ್ಲಿ ಓದೋಕೆ ಚೆಂದ ಸರ್. ಹಿಂದೆ ಸೈನ್ಯ ಇಲ್ಲದಿದ್ದರೆ ಯಾರು ಕೇಳುತ್ತಿದ್ದರು ಇವರ ಮಾತು?

ಉತ್ತರ ಆಫ್ರಿಕಾದ ಬಂದರು ನಗರ ಕಾರ್ತೇಜ್ ಜೊತೆ ಮೊದಲ ಯುದ್ಧ ನೋಡಿ, 264ರಿಂದ 241. ಕ್ವಿಂಕ್ವೆರೀಮ್ ಎಂಬ ದೊಡ್ಡ ಯುದ್ಧನೌಕೆಗಳ ಪಡೆ ಆವರೆಗೆ ರೋಮ್‌ಗೆ ಇರಲೇ ಇಲ್ಲ. ದಡಕ್ಕೆ ಸಿಕ್ಕಿಬಿದ್ದ ಕಾರ್ತೇಜ್ ಹಡಗೊಂದನ್ನು ಮಾದರಿ ಇಟ್ಟುಕೊಂಡು ಅಂಥ 100 ನೌಕೆ, ಜೊತೆಗೆ 20 ಸಣ್ಣವು ಕಟ್ಟಿದರು ಅಂತ ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಹೇಳುತ್ತಾನೆ. 255ರಲ್ಲಿ ಸಿಸಿಲಿಯ ಕಮರಿನಾ ಹತ್ತಿರ ಬಿರುಗಾಳಿಗೆ ಸಿಕ್ಕಿ 364 ಹಡಗಲ್ಲಿ 80 ಮಾತ್ರ ಉಳಿದವು. ಬೇರೆ ಯಾರೇ ಆಗಿದ್ದರೂ ಸಂಧಿ ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ಇವರು ಮೂರು ತಿಂಗಳಲ್ಲಿ ಇನ್ನೂ 220 ಕಟ್ಟಿದರು! ಕೊನೆಗೆ ಖಜಾನೆ ಬರಿದಾದಾಗ ಶ್ರೀಮಂತರು ಒಬ್ಬೊಬ್ಬರೋ ಇಬ್ಬರು ಮೂವರು ಸೇರಿಯೋ ಒಂದೊಂದು ಹಡಗಿನ ಖರ್ಚು ಹೊತ್ತು 200 ಹಡಗು ಇಳಿಸಿದರು, ಗೆದ್ದರೆ ದುಡ್ಡು ವಾಪಸ್ ಅಂತ ಮಾತಾಡಿಕೊಂಡು. 241ರಲ್ಲಿ ಏಗೇಟ್ಸ್ ದ್ವೀಪಗಳ ಹತ್ತಿರ ಗೆದ್ದದ್ದು ಆ ಹಡಗುಗಳೇ.

ಇನ್ನೊಂದು. ಇಟಲಿಯ ಮಿತ್ರ ಊರುಗಳು ರೋಮ್‌ಗೆ ಕಪ್ಪ ಕೊಡುತ್ತಿರಲಿಲ್ಲ, ಸೈನಿಕರನ್ನು ಕೊಡುತ್ತಿದ್ದವು. ತೆರಿಗೆಯಾದರೆ ಪೆಟ್ಟಿಗೆಯಲ್ಲಿ ಕೂಡಿಡಬಹುದು. ಸೈನಿಕರನ್ನು ಕೂಡಿಡೋಕೆ ಆಗುತ್ತಾ? ಯುದ್ಧ ಇಲ್ಲದ ವರ್ಷ ಆ ಪಾಲು ವ್ಯರ್ಥ. 225ರ ಲೆಕ್ಕದಲ್ಲಿ ರೋಮ್ ಮತ್ತು ಮಿತ್ರರು ಸೇರಿ 7 ಲಕ್ಷಕ್ಕೂ ಹೆಚ್ಚು ಕಾಲಾಳು, 70 ಸಾವಿರ ಕುದುರೆ ಸವಾರರು ಸಿಗಬಹುದಿತ್ತು ಅಂತ ಪೊಲಿಬಿಯಸ್. ಜೊತೆಗೆ ಕಾನ್ಸಲ್‌ಗೆ ಇರೋದು ಒಂದೇ ವರ್ಷದ ಅಧಿಕಾರ. ಅಷ್ಟರಲ್ಲೇ ಯುದ್ಧ ಗೆದ್ದು ರೋಮ್ ಬೀದಿಯಲ್ಲಿ ವಿಜಯೋತ್ಸವದ ಮೆರವಣಿಗೆ ಹೊರಡಬೇಕು. ಇಷ್ಟು ಇದ್ದ ಮೇಲೆ ಯುದ್ಧಕ್ಕೆ ನೆಪ ಹುಡುಕೋದು ಕಷ್ಟವಾ?

ಕಡಲತಡಿ

ಹಡಗಿನ ಮಾತು ಬಂದಿದ್ದಕ್ಕೆ ಬಾಯಿ ಹಾಕುತ್ತಿದ್ದೇನೆ ಮಾರಾಯ್ರೇ. ಹಡಗು ತಯಾರಾಗುವಷ್ಟರಲ್ಲಿ ಹುಟ್ಟು ಹಾಕುವವರೂ ತಯಾರಾಗಬೇಕಲ್ಲ. ದಡದಲ್ಲೇ ಬೆಂಚು ಜೋಡಿಸಿ, ಹಡಗಿನಲ್ಲಿ ಕೂರುವ ಹಾಗೇ ಸಾಲಾಗಿ ಕೂರಿಸಿ, ಲಯ ಹೇಳುವವನನ್ನು ಮಧ್ಯೆ ನಿಲ್ಲಿಸಿ, ಒಣ ನೆಲದ ಮೇಲೆ ಎಲ್ಲರೂ ಒಟ್ಟಿಗೆ ಹಿಂದೆ ಬಾಗುವುದು ಮುಂದೆ ಬಾಗುವುದು ಕಲಿಸಿದರು. ನೋಡಿದವರು ನಕ್ಕಿರಬೇಕು. ಆದರೆ ಅಂಥ ದೊಡ್ಡ ಹಡಗಿನಲ್ಲಿ ಸುಮಾರು 300 ಜನ ಹುಟ್ಟು ಹಾಕುತ್ತಾರೆ, ಒಬ್ಬ ತಾಳ ತಪ್ಪಿದರೆ ಪಕ್ಕದವನ ಹುಟ್ಟಿಗೆ ಬಡಿಯುತ್ತದೆ. ನೀರಿಗೆ ಇಳಿದು ಕಲಿಯಲು ಪುರಸೊತ್ತಿರಲಿಲ್ಲ.

ಆ ಏಗೇಟ್ಸ್ ಯುದ್ಧದ ಜಾಗದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸಮುದ್ರದ ತಳದಿಂದ ಹಡಗಿನ ಮೂತಿಗೆ ಹಾಕುವ ಕಂಚಿನ ಕೊಂಬುಗಳನ್ನು ತೆಗೆದಿದ್ದಾರೆ, 20ಕ್ಕೂ ಹೆಚ್ಚು. ಎದುರು ಹಡಗಿಗೆ ಗುದ್ದಿ ಹಲಗೆ ಬಿರುಕು ಬಿಡಿಸುವುದಕ್ಕೆ ಇರೋದು ಅದು. ರೋಮನ್ ಕೊಂಬುಗಳ ಮೇಲೆ ಅಕ್ಷರ ಇದೆ: ಇಂಥ ಅಧಿಕಾರಿ ಇದನ್ನು ಪರೀಕ್ಷಿಸಿ ಒಪ್ಪಿದ್ದಾನೆ ಅಂತ. ಯುದ್ಧದ ತುರ್ತಿನಲ್ಲೂ ಗುತ್ತಿಗೆದಾರನ ಕೆಲಸ ನೋಡಿ ಪಾಸು ಮಾಡಿ ಹೆಸರು ಹಾಕಿಸಿದ್ದಾರೆ! ಕಾರ್ತೇಜ್‌ನ ಒಂದರ ಮೇಲೆ ಬಾಳ್ ದೇವರನ್ನು ನೆನೆದು ಬರೆದಿದೆ. ನನಗೆ ಈ ಎರಡು ಬರಹ ಪಕ್ಕಪಕ್ಕ ಇಟ್ಟು ನೋಡುವುದೇ ಇಷ್ಟ.

ಓದುಗುಳಿ

ಸಿಡುಕಪ್ಪನವರೇ, ನೀವು ಹೇಳಿದ ಅದೇ ಯುದ್ಧದಲ್ಲಿ ಒಬ್ಬನನ್ನು ಮರೆತಿರಿ. ಸಿಸಿಲಿಯ ಸಿರಾಕ್ಯೂಸ್‌ನ ರಾಜ ಹಿಯರೊ.

ಜಗಳ ಶುರುವಾದದ್ದು ಸಿಸಿಲಿಯದೇ ಮೆಸಾನಾ ಊರಿನಿಂದ. ಮಾಮರ್ಟೈನರು ಎಂಬ ಬಾಡಿಗೆ ಸಿಪಾಯಿಗಳು ಆ ಊರನ್ನು ಕಬಳಿಸಿ ಕೂತಿದ್ದರು. ಹಿಯರೊ ಅವರ ಮೇಲೆ ಏರಿ ಹೋದಾಗ ಅವರಲ್ಲೇ ಕೆಲವರು ಕಾರ್ತೇಜ್ ಕರೆದರು, ಕೆಲವರು ರೋಮ್ ಕರೆದರು. ಪುಂಡರ ಪರ ನಿಲ್ಲಬೇಕಾ ಅಂತ ರೋಮ್‌ನ ಹಿರಿಯರ ಸಭೆ ಸೆನೆಟ್‌ಗೂ ಮುಜುಗರ, ಆದರೂ ಸೈನ್ಯ ದಾಟಿತು. ಹಿಯರೊ ಮೊದಲು ಕಾರ್ತೇಜ್ ಜೊತೆ ಸೇರಿ ರೋಮನ್ನರ ವಿರುದ್ಧ ನಿಂತ. ಮರುವರ್ಷ ಲೆಕ್ಕ ಹಾಕಿ ಸಂಧಿ ಮಾಡಿಕೊಂಡ: 100 ಟ್ಯಾಲೆಂಟ್ ಬೆಳ್ಳಿ (ಒಂದು ಟ್ಯಾಲೆಂಟ್ ಅಂದರೆ ಸುಮಾರು 26 ಕಿಲೋ), ಸೆರೆಯಾಳುಗಳು ವಾಪಸ್. ರೋಮ್ ಅವನನ್ನು ಗದ್ದುಗೆಯಲ್ಲೇ ಬಿಟ್ಟಿತು.

ಅದರ ಫಲ? ದೊಡ್ಡ ಸೈನ್ಯಕ್ಕೆ ಸಿಸಿಲಿಯಲ್ಲಿ ಧಾನ್ಯ ಒದಗಿಸಿದವನು ಅವನು. ಕಾರ್ತೇಜ್‌ನ ಸೇನಾಪತಿ ಹ್ಯಾನಿಬಲ್ ಇಟಲಿಯಲ್ಲಿ ರೋಮನ್ನರನ್ನು ಹುರಿದು ಮುಕ್ಕುತ್ತಿದ್ದಾಗಲೂ ಗೋಧಿ ಕಳಿಸಿದ. ಸುಮಾರು 50 ವರ್ಷ, 215ರಲ್ಲಿ ಸಾಯುವ ತನಕ, ಕೈ ಬಿಡಲಿಲ್ಲ. ಮೊಮ್ಮಗ ಪಕ್ಷ ಬದಲಿಸಿದ, 212ರಲ್ಲಿ ಊರು ಬಿದ್ದಿತು, ಆರ್ಕಿಮಿಡೀಸ್ ಸತ್ತದ್ದು ಆಗಲೇ. ಆಮೇಲೆ ಇಡೀ ದ್ವೀಪಕ್ಕೆ ತೆರಿಗೆ ಹಾಕುವಾಗ ರೋಮ್ ಹೊಸ ಕಾನೂನು ಬರೆಯುವ ಗೋಜಿಗೇ ಹೋಗಲಿಲ್ಲ, ಹಿಯರೊನ ಹತ್ತರಲ್ಲೊಂದು ಪಾಲಿನ ನಿಯಮವನ್ನೇ ಮುಂದುವರಿಸಿತು. ಕತ್ತಿಯಿಂದ ಇಷ್ಟೆಲ್ಲ ಸಿಗುತ್ತಿತ್ತಾ?

ಪರೀಕ್ಷೆ ಹತ್ತಿರ

ಕೋಲಿಂದ ವೃತ್ತ ಎಳೆದ ಕತೆ ನಿಜನಾ ಸರ್? ನಮ್ಮ ಮೇಷ್ಟ್ರು ಹೇಳಿದ್ರು, ಯಾವ ರಾಜ ಅಂತ ನೆನಪಿಲ್ಲ 😅

ಹಳೇನಾಣ್ಯ

ನಿಜ. ಸಿರಿಯಾದ ನಾಲ್ಕನೇ ಆಂಟಿಯೋಕಸ್. ಕ್ರಿ.ಪೂ. 168. ಅವನು ಈಜಿಪ್ಟ್ ಹೆಚ್ಚುಕಡಿಮೆ ಗೆದ್ದು ಅಲೆಕ್ಸಾಂಡ್ರಿಯಾದ ಹೊರವಲಯದವರೆಗೆ ಬಂದಿದ್ದ. ಪೊಪಿಲಿಯಸ್ ಲೇನಸ್ ಎಂಬ ರೋಮನ್ ರಾಯಭಾರಿ ಎದುರಾದ. ರಾಜ ಕೈ ಚಾಚಿದರೆ ಇವನು ಕೈ ಕೊಡಲಿಲ್ಲ, ಸೆನೆಟ್‌ನ ಪತ್ರ ಕೊಟ್ಟು ಮೊದಲು ಓದು ಎಂದ. ಈಜಿಪ್ಟ್ ಬಿಟ್ಟು ಹೊರಡು ಅಂತ ಅದರಲ್ಲಿತ್ತು. ಆಪ್ತರ ಜೊತೆ ಮಾತಾಡಿ ಹೇಳುತ್ತೇನೆ ಎಂದ ರಾಜ. ಪೊಪಿಲಿಯಸ್ ಕೈಯಲ್ಲಿದ್ದ ಬಳ್ಳಿಯ ಕೋಲಿನಿಂದ ರಾಜನ ಸುತ್ತ ಮಣ್ಣಿನಲ್ಲಿ ಗೆರೆ ಎಳೆದು, ಇದರಿಂದ ಹೊರಗೆ ಕಾಲಿಡುವ ಮುಂಚೆ ಉತ್ತರ ಕೊಡು ಎಂದ. ರಾಜ ಸ್ವಲ್ಪ ಹೊತ್ತು ತಬ್ಬಿಬ್ಬಾಗಿ ನಿಂತು, ಆಗಲಿ ಎಂದ. ಸೈನ್ಯ ವಾಪಸ್ ಹೋಯಿತು.

ಒಂದು ಸಂಗತಿ ಎಲ್ಲರೂ ಬಿಟ್ಟುಬಿಡುತ್ತಾರೆ. ಈ ಆಂಟಿಯೋಕಸ್ ಹುಡುಗನಾಗಿದ್ದಾಗ ರೋಮ್‌ನಲ್ಲಿ ಒತ್ತೆಯಾಳಾಗಿ ವರ್ಷಗಟ್ಟಲೆ ಇದ್ದವನು. ಅವನ ಅಪ್ಪ ಮ್ಯಾಗ್ನೀಸಿಯಾದಲ್ಲಿ ರೋಮನ್ನರಿಗೆ ಸೋತು 188ರಲ್ಲಿ ಮಾಡಿಕೊಂಡ ಸಂಧಿಯ ಫಲ ಅದು. ಆ ಸೆನೆಟ್‌ನವರು ಎಂಥವರು ಅಂತ ಅವನಿಗೆ ಹತ್ತಿರದಿಂದ ಗೊತ್ತಿತ್ತು.

ಸಿಡುಕಪ್ಪ

ಮತ್ತೆ ನನ್ನ ಮಾತಿಗೇ ಬಂದಿರಿ. ಆ ಪೊಪಿಲಿಯಸ್ ನೇರ ಈಜಿಪ್ಟ್‌ಗೆ ಹೋದನಾ? ಇಲ್ಲ. ಡಿಲೋಸ್ ದ್ವೀಪದಲ್ಲಿ ಕಾದು ಕೂತಿದ್ದ. ಪಿಡ್ನಾದಲ್ಲಿ ಮ್ಯಾಸಿಡೋನಿಯಾದ ರಾಜ ಪರ್ಸಿಯಸ್ ರೋಮನ್ನರಿಗೆ ಸೋತ ಸುದ್ದಿ ಬಂದ ಮೇಲೆಯೇ ಹಡಗು ಬಿಟ್ಟ. ರೋಮ್ ಸೋತಿದ್ದರೆ ಆ ಕೋಲು ಊರಿಕೊಂಡು ಮನೆಗೆ ಹೋಗಬೇಕಿತ್ತು, ಅಷ್ಟೇ.

ಹಳೇನಾಣ್ಯ

ಸೈನ್ಯ ಬೇಡವಿತ್ತು ಅಂತ ನಾನೆಲ್ಲಿ ಹೇಳಿದೆ? ಗೆದ್ದ ಒಂದು ಯುದ್ಧದಿಂದ ಹತ್ತು ಯುದ್ಧದ ಕೆಲಸ ತೆಗೆಯುವುದು ಅವರಿಗೆ ಗೊತ್ತಿತ್ತು ಅಂತ ನನ್ನ ವಾದ.

188ರ ಅಪಾಮಿಯಾ ಸಂಧಿಯನ್ನೇ ನೋಡಿ. ಸಿರಿಯಾದಿಂದ ಒಟ್ಟು 15,000 ಟ್ಯಾಲೆಂಟ್ ದಂಡ, ಅದರಲ್ಲಿ 12,000 ಅನ್ನು 12 ವರ್ಷದ ಕಂತಿನಲ್ಲಿ. ಬಿಟ್ಟುಕೊಟ್ಟ ಏಷ್ಯಾ ಮೈನರ್ (ಈಗಿನ ಟರ್ಕಿ) ನೆಲದಲ್ಲಿ ರೋಮ್ ಇಟ್ಟುಕೊಂಡದ್ದು ಒಂದು ಗೇಣೂ ಇಲ್ಲ. ಹೆಚ್ಚಿನ ಪಾಲು ಪೆರ್ಗಮಮ್‌ನ ರಾಜ ಯುಮೆನಿಸ್‌ಗೆ, ಲಿಸಿಯಾ ಮತ್ತು ಕಾರಿಯಾ ರೋಡ್ಸ್ ದ್ವೀಪದವರಿಗೆ. ಈಗ ಸಿರಿಯಾ ತಲೆ ಎತ್ತದ ಹಾಗೆ ಕಾಯುವ ಕೆಲಸ ಇವರಿಬ್ಬರದು, ಖರ್ಚೂ ಇವರದೇ.

ಕಂತಿನ ವಿಷಯಕ್ಕೆ ಬಂದರೆ ಇನ್ನೂ ತಮಾಷೆ. 201ರ ಸಂಧಿಯಲ್ಲಿ ಕಾರ್ತೇಜ್‌ಗೆ ಹಾಕಿದ ದಂಡ 10,000 ಟ್ಯಾಲೆಂಟ್, ಅಂದರೆ ಸುಮಾರು 260 ಟನ್ ಬೆಳ್ಳಿ, 50 ವರ್ಷದ ಕಂತು. ಹತ್ತೇ ವರ್ಷದಲ್ಲಿ ಕಾರ್ತೇಜ್ ಚೇತರಿಸಿಕೊಂಡು, ಬಾಕಿಯೆಲ್ಲ ಈಗಲೇ ಕೊಟ್ಟುಬಿಡುತ್ತೇವೆ ಎಂದಿತು. ರೋಮ್ ಬೇಡ ಎಂದಿತು! ಅಸಲು ಬೇಡ, ಆಳು ಬೇಕು ಅನ್ನುವ ಸಾಹುಕಾರನ ಹಾಗೆ. ದುಡ್ಡಿಗಿಂತ ಪ್ರತಿ ವರ್ಷ ಬಂದು ತಲೆ ತಗ್ಗಿಸಿ ಕಟ್ಟಿ ಹೋಗುವುದು ಮುಖ್ಯವಾಗಿತ್ತು.

ರೋಡ್ಸ್‌ದು ಹೇಳಲೇಬೇಕು. ಪೂರ್ವ ಸಮುದ್ರದ ದೊಡ್ಡ ಬಂದರು ಅದು, ಒಳ್ಳೆಯ ನೌಕಾಪಡೆ, ರೋಮ್‌ಗೆ ಹಳೆಯ ಗೆಳೆಯರು. ಪರ್ಸಿಯಸ್ ಯುದ್ಧ ಎಳೆದಾಡುತ್ತಿದ್ದಾಗ ಇವರು ರಾಜಿ ಮಾಡಿಸುತ್ತೇವೆ ಅಂತ ರಾಯಭಾರಿಗಳನ್ನು ಕಳಿಸಿದರು. ಕೆಟ್ಟ ಗಳಿಗೆ. ಅವರು ಸೆನೆಟ್‌ನಲ್ಲಿ ಮಾತಾಡುವ ಹೊತ್ತಿಗೆ ಪಿಡ್ನಾ ಗೆಲುವಿನ ಸುದ್ದಿ ಬಂದಾಗಿತ್ತು. ರಾಜಿ ಮಾತು ಬಿಟ್ಟು, ಗೆದ್ದಿದ್ದಕ್ಕೆ ಅಭಿನಂದನೆ ಅನ್ನಬೇಕಾಯಿತು. ಸೆನೆಟ್ ಮುಖ ಗಂಟು ಹಾಕಿಕೊಂಡಿತು. ರೋಡ್ಸ್ ಮೇಲೆ ಯುದ್ಧ ಮಾಡೋಣ ಅಂತ ಒಬ್ಬ ಪ್ರೇಟರ್ ಎದ್ದ. ಸೆನೆಟ್‌ನ ಹಿರಿಯ ಕೇಟೋ ಅದನ್ನು ತಡೆದ: ಅವರು ಮನಸ್ಸಿನಲ್ಲಿ ಏನೋ ಬಯಸಿರಬಹುದು, ಮಾಡಿದ್ದು ಏನೂ ಇಲ್ಲವಲ್ಲ ಎಂಬುದು ಅವನ ವಾದ.

ಒಂದು ಹಡಗೂ ಕಳಿಸದೆ ರೋಡ್ಸ್ ಅನ್ನು ಮುಗಿಸಿದ್ದು ಹೇಗೆ ಗೊತ್ತಾ? ಲಿಸಿಯಾ, ಕಾರಿಯಾ ಕಿತ್ತುಕೊಂಡರು. ಡಿಲೋಸ್ ದ್ವೀಪವನ್ನು ಅಥೆನ್ಸ್‌ಗೆ ಕೊಟ್ಟು, ಅಲ್ಲಿ ಸುಂಕ ಇಲ್ಲ ಎಂದು ಸಾರಿದರು. ಅಷ್ಟೇ. ಸುಂಕ ಇಲ್ಲದ ಬಂದರು ಪಕ್ಕದಲ್ಲೇ ಇರುವಾಗ ರೋಡ್ಸ್‌ಗೆ ಯಾವ ವ್ಯಾಪಾರಿ ಬರುತ್ತಾನೆ? ವರ್ಷಕ್ಕೆ 10 ಲಕ್ಷ ಡ್ರಾಕ್ಮಾ ಇದ್ದ ಬಂದರು ಆದಾಯ 1.5 ಲಕ್ಷಕ್ಕೆ ಇಳಿಯಿತು ಅಂತ ರೋಡ್ಸ್‌ನ ರಾಯಭಾರಿಯೇ ಸೆನೆಟ್ ಮುಂದೆ ಗೋಳಾಡಿದ್ದನ್ನು ಪೊಲಿಬಿಯಸ್ ಬರೆದಿದ್ದಾನೆ. ಅಷ್ಟು ಕಾಲ ಬರಹದ ಮೈತ್ರಿ ಬೇಡ, ಕೈ ಕಟ್ಟಿ ಹಾಕಿದ ಹಾಗಾಗುತ್ತೆ ಎನ್ನುತ್ತಿದ್ದವರು ಕೊನೆಗೆ ದಯವಿಟ್ಟು ಮೈತ್ರಿ ಮಾಡಿಕೊಳ್ಳಿ ಅಂತ ಮತ್ತೆ ಮತ್ತೆ ಬಾಗಿಲು ತಟ್ಟಿದರು.

ಯುಮೆನಿಸ್‌ಗೂ ಅದೇ ಗತಿ. ಅವನ ಮೇಲೆ ಅನುಮಾನ ಬಂದಿತ್ತು. ಅವನು ಸ್ವತಃ ವಿವರಣೆ ಕೊಡಲು ಇಟಲಿಗೆ ಬಂದಿಳಿದಾಗ, ಇನ್ನು ಮೇಲೆ ಯಾವ ರಾಜನೂ ರೋಮ್‌ಗೆ ಬರುವಂತಿಲ್ಲ ಅಂತ ಸೆನೆಟ್ ಅವಸರದಲ್ಲಿ ನಿರ್ಣಯ ಮಾಡಿತು. ಕಿರಿಯ ಅಧಿಕಾರಿಯೊಬ್ಬ ಬಂದರಿನಲ್ಲೇ ಅವನನ್ನು ತಡೆದು, ಚಳಿಗಾಲದ ನಡುವೆ ವಾಪಸ್ ಕಳಿಸಿದ.

ತುಂಗಾತೀರ

ರೋಡ್ಸ್ ಕತೆ ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ ಕಾರ್ತೇಜ್ ಯಾಕೆ ಪೂರ್ತಿ ನಾಶ ಮಾಡಿದರು? ಅದೂ ಮಾತು ಕೇಳುತ್ತಲೇ ಇತ್ತಲ್ಲ.

ಓದುಗುಳಿ

ಅದು ಈ ರಾಜತಾಂತ್ರಿಕತೆಯ ತೀರಾ ಕೊಳಕು ಭಾಗ.

201ರ ಸಂಧಿ ಪ್ರಕಾರ ರೋಮ್ ಅನುಮತಿ ಇಲ್ಲದೆ ಕಾರ್ತೇಜ್ ಯುದ್ಧ ಮಾಡುವಂತಿಲ್ಲ. ಪಕ್ಕದ ನುಮಿಡಿಯಾದ ರಾಜ ಮಾಸಿನಿಸ್ಸಾ ರೋಮ್‌ನ ಗೆಳೆಯ. ಅವನು ವರ್ಷ ವರ್ಷ ಗಡಿ ಒತ್ತುವರಿ ಮಾಡುತ್ತಿದ್ದ, ಕಾರ್ತೇಜ್ ದೂರು ಕೊಡುತ್ತಿತ್ತು, ರೋಮ್‌ನಿಂದ ಪಂಚಾಯಿತಿಗೆ ಬಂದವರು ಹೆಚ್ಚಾಗಿ ಅವನ ಪರ ಹೇಳುತ್ತಿದ್ದರು ಅಥವಾ ಏನೂ ತೀರ್ಮಾನಿಸದೆ ಹೋಗುತ್ತಿದ್ದರು. ಕಂತು ಮುಗಿದದ್ದು 151ರಲ್ಲಿ. ಅದೇ ಹೊತ್ತಿಗೆ ತಾಳ್ಮೆ ಕೆಟ್ಟು ಕಾರ್ತೇಜ್ ಮಾಸಿನಿಸ್ಸಾ ಮೇಲೆ ತಿರುಗಿ ಬಿದ್ದಿತು, ಸೋತಿತು. ರೋಮ್‌ಗೆ ನೆಪ ಸಿಕ್ಕಿತು.

ಆಗ ಕಾರ್ತೇಜ್ ಮಾಡಿದ್ದು ಸಂಪೂರ್ಣ ಶರಣಾಗತಿ. ಮೊದಲು ಗಣ್ಯರ ಮನೆಯ 300 ಮಕ್ಕಳನ್ನು ಒತ್ತೆ ಕೊಡಿ ಎಂದರು. ಕೊಟ್ಟರು. ಕಾನ್ಸಲ್‌ಗಳು ಸೈನ್ಯ ಸಮೇತ ಆಫ್ರಿಕಾಕ್ಕೆ ಬಂದಿಳಿದು ಆಯುಧ ಎಲ್ಲ ಒಪ್ಪಿಸಿ ಎಂದರು. 2 ಲಕ್ಷ ಜನಕ್ಕೆ ಆಗುವಷ್ಟು ಕವಚ ಆಯುಧ, ಕಲ್ಲು ಬಾಣ ಎಸೆಯುವ 2,000 ಯಂತ್ರ ಗಾಡಿಗಳಲ್ಲಿ ಬಂದವು. ಎಲ್ಲ ಕೈಗೆ ಬಂದ ಮೇಲೆ ಮೂರನೆಯ ಮಾತು: ಊರು ಖಾಲಿ ಮಾಡಿ, ಸಮುದ್ರದಿಂದ 80 ಸ್ಟೇಡಿಯಾ, ಅಂದರೆ ಸುಮಾರು 15 ಕಿಲೋಮೀಟರ್ ಒಳಗೆ ಹೋಗಿ ಬೇಕಾದಲ್ಲಿ ಊರು ಕಟ್ಟಿಕೊಳ್ಳಿ. ಬಂದರಿನಿಂದ ಬದುಕುವ ಊರಿಗೆ! ಆಯುಧ ಇಲ್ಲದೆಯೂ ಅವರು ಬಾಗಿಲು ಹಾಕಿಕೊಂಡು, ಯಂತ್ರಗಳಿಗೆ ಹಗ್ಗ ಹೊಸೆಯಲು ಹೆಂಗಸರ ಕೂದಲು ಕತ್ತರಿಸಿ, 149ರಿಂದ 146ರವರೆಗೆ ತಡೆದರು. ಕೊನೆಗೆ ಊರು ಸುಟ್ಟುಹೋಯಿತು. ಬದುಕಿ ಹೊರಗೆ ಬಂದ ಸುಮಾರು 50,000 ಜನ ಗುಲಾಮರಾದರು. ಕೊರಿಂತ್ ಬಿದ್ದದ್ದೂ ಅದೇ ವರ್ಷ.

ಹಾಂ, ಆ ನೆಲಕ್ಕೆ ಉಪ್ಪು ಬಿತ್ತಿದರು ಅನ್ನೋದು ಯಾವ ಹಳೆಯ ಬರಹದಲ್ಲೂ ಇಲ್ಲ. ದಯವಿಟ್ಟು ಅದನ್ನು ಇಲ್ಲಿ ಯಾರೂ ಹಾಕಬೇಡಿ, ಪ್ರತಿ ಸಲ ಜಗಳ ಆಗುತ್ತೆ.

ಕಡಲತಡಿ

ನ್ಯಾಯವಾದ ಯುದ್ಧ ಅಂತ ತೋರಿಸಿಕೊಳ್ಳುವುದರಲ್ಲಿ ಇವರನ್ನು ಮೀರಿಸಿದವರಿಲ್ಲ. ಹಳೆಯ ಪದ್ಧತಿಯಲ್ಲಿ ಫೆಟಿಯಲ್ ಅನ್ನುವ ಪುರೋಹಿತ ಶತ್ರುವಿನ ಗಡಿಗೆ ಹೋಗಿ, ಸಾಕ್ಷಿಗಳ ಎದುರು ಅವರ ನೆಲಕ್ಕೆ ಈಟಿ ಎಸೆದು ಯುದ್ಧ ಸಾರಬೇಕು. ಅಕ್ಕಪಕ್ಕದ ಊರಾದರೆ ಸರಿ. ಶತ್ರು ಸಮುದ್ರದಾಚೆ ಇದ್ದರೆ? ಗ್ರೀಸ್ ಕಡೆಯ ಎಪಿರಸ್‌ನ ರಾಜ ಪಿರ್ರಸ್ ಜೊತೆ ಯುದ್ಧ ಬಂದಾಗ ಇದಕ್ಕೊಂದು ದಾರಿ ಹುಡುಕಿದರಂತೆ. ಅವನ ಕಡೆಯ ಒಬ್ಬ ಸೆರೆಯಾಳನ್ನು ಹಿಡಿದು, ರೋಮ್‌ನಲ್ಲೇ ಬೆಲ್ಲೋನಾ ದೇವಿಯ ಗುಡಿ ಹತ್ತಿರ ಒಂದು ತುಂಡು ಜಾಗ ಅವನಿಂದ ಕೊಳ್ಳಿಸಿದರು. ಈಗ ಅದು ಶತ್ರುವಿನ ನೆಲ ಅಲ್ವಾ? ಈಟಿ ಅಲ್ಲಿಗೇ ಎಸೆದರು. ಶಾಸ್ತ್ರವೂ ಆಯಿತು, ಪ್ರಯಾಣವೂ ಉಳಿಯಿತು.

ಸಿಡುಕಪ್ಪ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ 😄

ಆದರೆ ರೋಮ್ ಜನ ಎಲ್ಲರೂ ಯುದ್ಧಕ್ಕೆ ಕುಣಿಯುತ್ತಿದ್ದರು ಅಂತಲೂ ಅಲ್ಲ. ಕ್ರಿ.ಪೂ. 200ರಲ್ಲಿ ಫಿಲಿಪ್ ಮೇಲೆ ಯುದ್ಧದ ಪ್ರಸ್ತಾಪವನ್ನು ಜನಸಭೆ ಮೊದಲು ತಿರಸ್ಕರಿಸಿತು. ಹ್ಯಾನಿಬಲ್ ಯುದ್ಧದಲ್ಲಿ 17 ವರ್ಷ ಸತ್ತು ಸುಣ್ಣವಾಗಿದ್ದರು. ಕಾನ್ಸಲ್ ಗಾಲ್ಬಾ ಮತ್ತೆ ಸಭೆ ಕರೆದು, ನಾವು ಹೋಗದಿದ್ದರೆ ಅವನೇ ಇಟಲಿಗೆ ಬರುತ್ತಾನೆ ಅಂತ ಹೆದರಿಸಿದ ಮೇಲೆ ಒಪ್ಪಿದರು. ಪಿಡ್ನಾ ಗೆದ್ದ ಮೇಲೆ ಲೂಟಿ ಎಷ್ಟು ಬಂತೆಂದರೆ 167ರಿಂದ ರೋಮನ್ ನಾಗರಿಕರು ಇಟಲಿಯಲ್ಲಿ ನೇರ ತೆರಿಗೆ ಕಟ್ಟುವುದೇ ನಿಂತುಹೋಯಿತು. ಆಮೇಲೆ ಹೆದರಿಸುವ ಅಗತ್ಯ ಅಷ್ಟಿರಲಿಲ್ಲ.

ಪರೀಕ್ಷೆ ಹತ್ತಿರ

ನಮ್ಮ ಕಡೆಗೂ ಬಂದಿದ್ರಾ ಇವರು? ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದೆ ಅಂತ ಓದಿದ್ದೆ.

ಹಳೇನಾಣ್ಯ

ಸಿಕ್ಕಿವೆ ಕಣಮ್ಮ, ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯ. ಬೆಂಗಳೂರಿನ ಯಶವಂತಪುರದಲ್ಲೂ ರೋಮನ್ ಬೆಳ್ಳಿಯ ದೊಡ್ಡ ಗಂಟು ಸಿಕ್ಕಿತ್ತು. ಆದರೆ ಅದು ಯುದ್ಧದಿಂದ ಬಂದದ್ದಲ್ಲ, ವ್ಯಾಪಾರ. ಕ್ರಿ.ಪೂ. 30ರಲ್ಲಿ ಈಜಿಪ್ಟ್ ರೋಮ್ ಕೈಗೆ ಬಂದ ಮೇಲೆ ಕೆಂಪು ಸಮುದ್ರದ ಬಂದರುಗಳೂ ಬಂದವು. ಅಲ್ಲಿನ ಮಿಯೋಸ್ ಹಾರ್ಮೋಸ್‌ನಿಂದ ವರ್ಷಕ್ಕೆ 120 ಹಡಗು ಭಾರತಕ್ಕೆ ಹೊರಡುತ್ತಿದ್ದವು ಅಂತ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ.

ತುಂಗಾತೀರ

ಒಂದು ಕೊನೆಯ ಪ್ರಶ್ನೆ. ರೋಡ್ಸ್ ಬಡವಾದ ಮೇಲೆ ಆ ಕಡಲನ್ನು ಕಾಯುತ್ತಿದ್ದವರು ಯಾರು?

ಹಳೇನಾಣ್ಯ

ಯಾರೂ ಇಲ್ಲ. ಅದೇ ತೊಂದರೆಯಾದದ್ದು. ಕಡಲ್ಗಳ್ಳರನ್ನು ಅಡಗಿಸುತ್ತಿದ್ದದ್ದು ರೋಡ್ಸ್ ನೌಕಾಪಡೆ. ಅದು ಸೊರಗಿತು, ಸಿರಿಯಾವೂ ಸೊರಗಿತು, ಏಷ್ಯಾ ಮೈನರ್‌ನ ಕಿಲಿಕಿಯಾ ಕರಾವಳಿಯಲ್ಲಿ ಕಳ್ಳರ ಗುಂಪುಗಳು ಬೆಳೆದವು. ರೋಮ್ ಬಹಳ ಕಾಲ ಸುಮ್ಮನಿತ್ತು. ಯಾಕೆಂದರೆ ಆ ಕಳ್ಳರು ಹಿಡಿದು ತಂದವರನ್ನು ಕೊಳ್ಳುತ್ತಿದ್ದವರು ಇಟಲಿಯ ಜಮೀನುದಾರರೇ. ಒಂದೇ ದಿನ 10,000 ಗುಲಾಮರನ್ನು ಇಳಿಸಿಕೊಂಡು ಮಾರಿ ಕಳಿಸುವ ಸಾಮರ್ಥ್ಯ ಡಿಲೋಸ್‌ಗೆ ಇತ್ತು ಅಂತ ಸ್ಟ್ರಾಬೋ ಹೇಳುತ್ತಾನೆ. ಹೌದು, ಅದೇ ಸುಂಕ ಇಲ್ಲದ ಡಿಲೋಸ್. ಕ್ರಿ.ಪೂ. 69ರಲ್ಲಿ ಕಡಲ್ಗಳ್ಳರೇ ಆ ದ್ವೀಪವನ್ನೂ ದೋಚಿದರು.

ರೋಮ್‌ಗೆ ಬರುವ ಗೋಧಿ ಹಡಗು ನಿಂತು ಬೆಲೆ ಏರಿದಾಗ ಎಚ್ಚರವಾಯಿತು. ಕ್ರಿ.ಪೂ. 67ರಲ್ಲಿ ಸೇನಾಪತಿ ಪಾಂಪೆಗೆ ಇಡೀ ಮೆಡಿಟರೇನಿಯನ್ ಅಧಿಕಾರ ಕೊಟ್ಟರು. ಕಡಲನ್ನು ಭಾಗ ಮಾಡಿ, ಒಂದೊಂದಕ್ಕೆ ಒಬ್ಬ ಅಧಿಕಾರಿಯನ್ನು ಹಾಕಿ, ಸುಮಾರು ಮೂರು ತಿಂಗಳಲ್ಲಿ ಮುಗಿಸಿದ.

ಸಿಡುಕಪ್ಪ

ನೋಡಿ, ಕೊನೆಗೂ ಹಡಗು ಪಡೆಯೇ ಬೇಕಾಯಿತು.

ಹಳೇನಾಣ್ಯ

ಪೂರ್ತಿ ಕೇಳಿ ಸ್ವಾಮಿ. ಶರಣಾದವರನ್ನು ಅವನು ಕೊಲ್ಲಲಿಲ್ಲ. ಸಾವಿರಾರು ಕಳ್ಳರನ್ನು ಕಡಲಿಂದ ದೂರ ಸಾಗಿಸಿ, ಖಾಲಿ ಬಿದ್ದಿದ್ದ ಊರುಗಳಲ್ಲಿ ಜಮೀನು ಕೊಟ್ಟು ಕೂರಿಸಿದ. ಸೋಲಿ ಅನ್ನುವ ಹಾಳೂರು ಹಾಗೆ ಮತ್ತೆ ತುಂಬಿತು, ಅದಕ್ಕೆ ಪಾಂಪೆಯೊಪೊಲಿಸ್ ಅಂತ ತನ್ನದೇ ಹೆಸರು ಇಟ್ಟುಕೊಂಡ. ಶರಣಾದರೆ ಜೀವ ಉಳಿಯುತ್ತೆ ಅನ್ನೋ ಸುದ್ದಿ ಹರಡಿದ್ದಕ್ಕೇ ಉಳಿದ ಕಳ್ಳರೂ ಹೆಂಡತಿ ಮಕ್ಕಳ ಸಮೇತ ಬಂದು ಒಪ್ಪಿಸಿಕೊಂಡರು. ಮೂರು ತಿಂಗಳಲ್ಲಿ ಮುಗಿದದ್ದು ಹಾಗೆ.